ಉಪ್ಪಿನ ಹಕ್ಕು, ನೀರಿನ ಹಕ್ಕು

ಗಾಂಧೀಜಿ ನಮಗೆ ಸ್ವಾತಂತ್ರ್ಯ ತಂದುಕೊಟ್ಟರು ಅಂತ ಬಾಯಿಪಾಠ ಮಾಡಿ ಬೆಳೆದವರು ನಾವು. ‘ನಮಗೆ’ ಅಂದರೆ ಯಾರಿಗೆ? ಮನೆಯಲ್ಲಿ ಮೊದಲ ಸಲ ಅಕ್ಷರ ಕಂಡ ನಾವು ಈ ಪ್ರಶ್ನೆ ಕೇಳದಿದ್ದರೆ ನಮ್ಮ ಪರವಾಗಿ ಇನ್ಯಾರೂ ಕೇಳುವುದಿಲ್ಲ.

ಮೊದಲು ಸಲ್ಲಬೇಕಾದ್ದು ಸಲ್ಲಲಿ. 1930ರ ಮಾರ್ಚ್ 2ರಂದು ಗಾಂಧಿ ವೈಸರಾಯ್ ಇರ್ವಿನ್‌ಗೆ ಪತ್ರ ಬರೆದರು. ಜನಕ್ಕೆ ದಿನಕ್ಕೆ ಎರಡಾಣೆಯೂ ಹುಟ್ಟದ ದೇಶದಲ್ಲಿ ವೈಸರಾಯ್ ದಿನಕ್ಕೆ 700 ರೂಪಾಯಿಗೂ ಮಿಕ್ಕಿ ಸಂಬಳ ಎಣಿಸುವ ಲೆಕ್ಕವನ್ನು ಅವನ ಮುಂದೆಯೇ ಇಟ್ಟರು. ಮಾರ್ಚ್ 12ರಂದು 78 ಜನರೊಡನೆ ಸಾಬರಮತಿಯಿಂದ ಹೊರಟು, ಸುಮಾರು 240 ಮೈಲಿ ನಡೆದು, ಏಪ್ರಿಲ್ 6ರಂದು ದಂಡಿಯ ಕಡಲದಡದಲ್ಲಿ ಉಪ್ಪು ಎತ್ತಿದರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಆ ನಡಿಗೆಯಲ್ಲಿದ್ದರು. ಬಡವರ ಗಂಜಿಯ ಉಪ್ಪನ್ನು ರಾಜಕೀಯದ ನಡುಮನೆಗೆ ತಂದದ್ದು ಸಣ್ಣ ಕೆಲಸವಲ್ಲ.

ಆದರೆ ಗೆಳೆಯರೆ, ಅದೇ ಮಾರ್ಚ್ 2ರಂದು, ಅದೇ ಮುಂಬಯಿ ಪ್ರಾಂತ್ಯದ ನಾಸಿಕದಲ್ಲಿ, ಅಂಬೇಡ್ಕರ್ ನೇತೃತ್ವದಲ್ಲಿ ಸಾವಿರಾರು ಅಸ್ಪೃಶ್ಯರು ಕಾಳಾರಾಮ ದೇವಾಲಯದ ಮುಂದೆ ಸತ್ಯಾಗ್ರಹ ಶುರು ಮಾಡಿದರು. ಗುಡಿಯವರು ಬಾಗಿಲು ಹಾಕಿಕೊಂಡರು. ರಾಮನವಮಿಯ ತೇರಿನ ದಿನ ಕಲ್ಲು ಬಿದ್ದವು. ವರ್ಷಗಟ್ಟಲೆ ಕಾದರೂ ಬಾಗಿಲು ತೆರೆಯಲಿಲ್ಲ.

ಇದಕ್ಕೂ ಮೂರು ವರ್ಷ ಮೊದಲು, 1927ರ ಮಾರ್ಚ್ 20ರಂದು, ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದಕ್ಕೆ ನಮ್ಮವರು ಏಟು ತಿಂದಿದ್ದರು. ಅದು ಪುರಸಭೆಯೇ 1924ರಲ್ಲಿ ಎಲ್ಲರಿಗೂ ತೆರೆದಿದ್ದ ಕೆರೆ. ಸವರ್ಣರು ಸಗಣಿ, ಗಂಜಲ ಸುರಿದು ಅದನ್ನು ‘ಶುದ್ಧ’ ಮಾಡಿದರು. ದನದ ಗಂಜಲಕ್ಕಿಂತ ಮನುಷ್ಯನ ಬೊಗಸೆ ಕೊಳಕಾಯ್ತು! ಆ ನೀರಿನ ಹಕ್ಕು ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ, ಹತ್ತು ವರ್ಷದ ಮೇಲೆ.

ಈ ಸತ್ಯಾಗ್ರಹಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗಾಂಧಿಯ ಮಿತಿ ಕಾಣುತ್ತದೆ. ಅಸ್ಪೃಶ್ಯತೆ ಪಾಪ ಅಂತ ಅವರು ಸಾರಿ ಸಾರಿ ಹೇಳಿದರು. 1933-34ರಲ್ಲಿ ತಿಂಗಳುಗಟ್ಟಲೆ ದೇಶ ಸುತ್ತಿ ಹೇಳಿದರು, ಸನಾತನಿಗಳ ಸಿಟ್ಟನ್ನೂ ಎದುರಿಸಿದರು. ಆದರೆ ಪಾಪ ಅಂದ ಮೇಲೆ ಅದನ್ನು ತೊಳೆಯಬೇಕಾದವರು ಪಾಪ ಮಾಡಿದವರೇ. ಅವರ ಮನಸ್ಸು ಕರಗುವ ತನಕ ನಾವು ಬಾಗಿಲಲ್ಲಿ ನಿಂತಿರಬೇಕು. ಇಂಗ್ಲಿಷರ ಮನಸ್ಸು ಬದಲಾಗಲಿ ಅಂತಲೂ ಗಾಂಧಿ ಹೇಳಿದ್ದರು. ಆದರೆ ಅಷ್ಟು ದಿನ ಕೈ ಕಟ್ಟಿ ಕೂರಲಿಲ್ಲ, ಕಾಯಿದೆ ಮುರಿದು ಉಪ್ಪು ಎತ್ತಿಕೊಂಡರು. ಉಪ್ಪು ಹಕ್ಕಾಯಿತು, ನೀರು ಪ್ರಾಯಶ್ಚಿತ್ತವಾಯಿತು.

1932ರಲ್ಲಿ ಈ ಬಿರುಕು ಬಯಲಿಗೆ ಬಂತು. ಬ್ರಿಟಿಷರ ತೀರ್ಪು ದಲಿತರಿಗೆ 71 ಸ್ಥಾನ ಕೊಟ್ಟು, ಅವಕ್ಕೆ ಪ್ರತಿನಿಧಿಯನ್ನು ತಾವೇ ಆರಿಸುವ ಮತವನ್ನೂ ಕೊಟ್ಟಿತ್ತು. ಅದರ ವಿರುದ್ಧ ಗಾಂಧಿ ಸೆಪ್ಟೆಂಬರ್ 20ರಂದು ಯೆರವಡಾ ಜೈಲಿನಲ್ಲಿ ಉಪವಾಸ ಕೂತರು. 24ರಂದು ಪೂನಾ ಒಪ್ಪಂದವಾಯಿತು. ಸ್ಥಾನಗಳು 148 ಆದವು. ಆದರೆ ಗೆಲ್ಲಿಸುವ ಕೊನೆಯ ಮತ ಎಲ್ಲರ ಪೆಟ್ಟಿಗೆಗೆ, ಅಂದರೆ ಸವರ್ಣರ ಎಣಿಕೆಗೆ ಹೋಯಿತು. ಹಿಂದೂ ಸಮಾಜ ಒಡೆಯಬಾರದು ಅನ್ನುವುದು ಗಾಂಧಿಯ ಕಳಕಳಿ. ಊರು ಬೇರೆ, ಕೇರಿ ಬೇರೆ ಮಾಡಿ ಅದನ್ನು ಮೊದಲೇ ಒಡೆದವರು ಯಾರು?

ಗಾಂಧಿಯ ಪಟ ಕಿತ್ತು ಹಾಕಿ ಅಂತ ನಾವು ಹೇಳುತ್ತಿಲ್ಲ. ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ನಾವು ಕೇಳುವುದು ಇಷ್ಟೆ: ದಂಡಿಯ ಪಾಠ ಮಾಡಿದ ದಿನವೇ ಮಹಾಡಿನ ಪಾಠವನ್ನೂ ಮಾಡಿ. ಕೆರೆಗಿಳಿದು ಏಟು ತಿಂದವರನ್ನೂ ಸ್ವಾತಂತ್ರ್ಯ ಹೋರಾಟಗಾರರು ಅಂತಲೇ ಕರೆಯಿರಿ. ಉಪ್ಪಿಲ್ಲದ ಗಂಜಿಯನ್ನು ಹೇಗೋ ಕುಡಿದೇವು. ನೀರಿಲ್ಲದೆ ಗಂಜಿಯೇ ಇಲ್ಲ.