ಜಿಂಕೆಗೆ ಬಿತ್ತಿದವರು ಯಾರು?

ಬೇಟೆಯ ಬರಹಗಳನ್ನು ಓದುವಾಗ ನಾವು ಬೇಟೆಗಾರನ ಗುರಿ, ನಾಯಿಯ ಮೂಗು, ಸಾಯುವ ಪ್ರಾಣಿಯ ಕಣ್ಣು ಇವುಗಳ ಬಗ್ಗೆ ಮಾತಾಡುತ್ತೇವೆ. ಕೊಲ್ಲುವುದು ಸರಿಯೋ ತಪ್ಪೋ ಎಂದು ವಾದಿಸುತ್ತೇವೆ. ಆದರೆ ಆ ಜಿಂಕೆ ಏನು ತಿಂದು ಅಷ್ಟು ಬೆಳೆಯಿತು, ಯಾರ ನೆಲದಲ್ಲಿ ಮೇಯಿತು, ಆ ಮೇವಿನ ಖರ್ಚು ಯಾರ ತಲೆಯ ಮೇಲೆ ಬಿತ್ತು ಎಂದು ಕೇಳುವ ರೂಢಿ ನಮ್ಮ ವಿಮರ್ಶೆಯಲ್ಲಿಲ್ಲ. ಈ ಒಂದು ಪ್ರಶ್ನೆಯನ್ನು ಹಿಡಿದು ನಮ್ಮ ಕೆಲವು ಪಠ್ಯಗಳನ್ನು ಮತ್ತೆ ಓದಬಹುದು ಎಂಬುದು ನನ್ನ ಸೂಚನೆ.

ಪ್ರಶ್ನೆ ಹುಟ್ಟಿದ್ದು ಅಮೆರಿಕದ ಒಂದು ರೂಢಿಯಿಂದ. ಅಲ್ಲಿ ಎಷ್ಟೋ ಕುಟುಂಬಗಳು ಪಿತ್ರಾರ್ಜಿತ ಜಮೀನಿನ ಒಂದು ತುಂಡನ್ನು ಜಿಂಕೆಗಾಗಿಯೇ ಬಿತ್ತುತ್ತವೆ. ಕ್ಲೋವರ್ ಎಂಬ ಮೇವಿನ ಸೊಪ್ಪು, ಓಟ್ಸ್, ಸೋಯಾ, ಟರ್ನಿಪ್ ಗಡ್ಡೆ ಅಲ್ಲಿ ಬೆಳೆಯುತ್ತವೆ. ಮಣ್ಣು ಪರೀಕ್ಷೆ ಮಾಡಿಸಿ, ಸುಣ್ಣ ಹಾಕಿ, ಗೊಬ್ಬರ ಕೊಟ್ಟು ಬೆಳೆಸುತ್ತಾರೆ. ಬೇಟೆಯ ಹಂಗಾಮು ಬಂದಾಗ ಆ ತುಂಡಿನ ಅಂಚಿನ ಅಟ್ಟದ ಮೇಲೆ ಅಪ್ಪ ಮಗ ಕೂತು, ಮೇಯಲು ಬಂದ ಬಿಳಿಬಾಲದ ಜಿಂಕೆಯನ್ನು ಪರವಾನಗಿಯ ಮಿತಿಯೊಳಗೆ ಹೊಡೆಯುತ್ತಾರೆ. ಅದಕ್ಕೆ ‘ಫುಡ್ ಪ್ಲಾಟ್’ ಎಂದು ಹೆಸರು. ಜೋಳದ ಕಾಳನ್ನು ರಾಶಿ ಸುರಿದು ಜಿಂಕೆಯನ್ನು ಕರೆಯುವುದು ಹಲವು ರಾಜ್ಯಗಳಲ್ಲಿ ಅಪರಾಧ, ಅದೇ ಕಾಳು ಬೆಳೆಯಾಗಿ ನಿಂತಿದ್ದರೆ ಅಡ್ಡಿಯಿಲ್ಲ. ಸುರಿದದ್ದು ಆಮಿಷ, ಬೆಳೆದದ್ದು ಬೇಸಾಯ ಎಂಬ ಈ ಸೂಕ್ಷ್ಮ ಗೆರೆಯ ಮೇಲೆ ಒಂದು ಸಂಸ್ಕೃತಿಯೇ ನಿಂತಿದೆ.

ನಮ್ಮ ಮನೆತನದ ಹೊಲ ಎರಡು ಕಡೆ ಇದೆ. ಒಂದು ತುಂಡು ಕುಸನೂರಿನದು. ಕುಸನೂರು ಈಗ ಕಲಬುರಗಿಯವರಿಗೆ ಊರಿಗಿಂತ ರಸ್ತೆಯ ಹೆಸರಾಗಿಯೇ ಹೆಚ್ಚು ಗೊತ್ತು. ಅಲ್ಲಿ ‘ಪ್ಲಾಟ್’ ಎಂದರೆ ಮನೆ ಕಟ್ಟುವ ಜಾಗ, ಬೇರೆ ಅರ್ಥವಿಲ್ಲ. ಇನ್ನೊಂದು ತುಂಡು ಕಮಲಾಪುರದ ಕಡೆಗಿದೆ. ತೊಗರಿ ಮೊಳಕೆಯೊಡೆದಾಗ, ಹಿಂಗಾರಿ ಕಡಲೆ ಚಿಗುರಿದಾಗ ಅಲ್ಲಿಗೆ ಚಿಗರಿ ಬರುತ್ತವೆ. ಪುಸ್ತಕದ ಕೃಷ್ಣಮೃಗಕ್ಕೆ ನಮ್ಮಲ್ಲಿ ಚಿಗರಿ ಎಂದೇ ಹೆಸರು. ಅಮೆರಿಕದ ಈ ರೂಢಿಯನ್ನು ನಮ್ಮ ಕಾಕಾಗೆ ಹೇಳಿದಾಗ ಅವರು ನಕ್ಕು, “ತಿನ್ಲಿ ಅಂತ ಬಿತ್ತಿ, ತಿನ್ಲಾಕ ಬಂದದ್ದಕ್ಕ ಗುಂಡು ಹೊಡಿಯೋದಾ? ಉಣ್ಲಾಕ ಕರದು ಹೊಡದಂಗಾಯ್ತಲ್ಲೋ” ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, “ನಮ್ಮದೇನ್ ಬ್ಯಾರೆ ಅದ? ನಾವೂ ಚಿಗರಿಗೇ ಬಿತ್ತಲತ್ತೀವಿ. ಅವರು ಗೊತ್ತಿದ್ದು ಬಿತ್ತತಾರ, ಅಷ್ಟೇ ಫರಕು” ಎಂದರು. ಈ ಎರಡನೆಯ ಮಾತಿನಲ್ಲಿ ನನಗೆ ಒಂದು ವಿಮರ್ಶೆಯ ಮಾನದಂಡ ಸಿಕ್ಕಿತು.

ಮೊದಲು ಎಲ್ಲರಿಗೂ ಗೊತ್ತಿರುವ ಪಠ್ಯ, ಕಾಳಿದಾಸನ ಶಾಕುಂತಲ. ಬಸವಪ್ಪ ಶಾಸ್ತ್ರಿಗಳು ಅದನ್ನು ಕನ್ನಡಕ್ಕೆ ತಂದ ಮೇಲೆ ಅದು ನಮ್ಮ ರಂಗಭೂಮಿಯದೂ ಆಯಿತು. ನಾಟಕ ತೆರೆಯುವುದೇ ಬೇಟೆಯಲ್ಲಿ. ದುಷ್ಯಂತ ಬಾಣ ಹೂಡಿದಾಗ ಅದು ಆಶ್ರಮದ ಮೃಗ, ಕೊಲ್ಲಬೇಡ ಎಂದು ತಪಸ್ವಿಗಳು ತಡೆಯುತ್ತಾರೆ. ಅದು ಆಶ್ರಮದ್ದು ಎಂಬುದಕ್ಕೆ ಆಧಾರವೇನು? ಆ ಕಾಡಿನ ಜಿಂಕೆಗಳು ರಥದ ಸದ್ದಿಗೂ ಬೆದರುವುದಿಲ್ಲ. ನಾಲ್ಕನೆಯ ಅಂಕದಲ್ಲಿ ಶಕುಂತಲೆಯ ಸೆರಗು ಹಿಡಿದು ಜಗ್ಗುವ ಮರಿ, ಅವಳ ಕೈಯಿಂದ ಹಿಡಿಹಿಡಿ ಸಾವೆ ತಿಂದು ಬೆಳೆದದ್ದು. ಉಣಿಸಿದವರಿಗೆ ಒಂದು ಹಕ್ಕು ಹುಟ್ಟುತ್ತದೆ, ಅದು ಕಾಯುವ ಹಕ್ಕು ಎಂಬುದು ಆಶ್ರಮದ ನ್ಯಾಯ. ಉಣಿಸಿದವರಿಗೆ ಹುಟ್ಟುವ ಹಕ್ಕು ಹೊಡೆಯುವುದಕ್ಕೆ ಎಂಬುದು ಫುಡ್ ಪ್ಲಾಟಿನ ನ್ಯಾಯ. ಎರಡೂ ಒಂದೇ ಹಿಡಿ ಕಾಳಿನಿಂದ ಹೊರಡುತ್ತವೆ.

ಎರಡನೆಯ ನ್ಯಾಯ ನಮಗೆ ಹೊರಗಿನದು ಎಂದುಕೊಳ್ಳುವ ಹಾಗಿಲ್ಲ. ಹಳಗನ್ನಡದ ಬೇಟೆಯ ಮಾತುಗಳಲ್ಲಿ ‘ದೀವ’ ಅಥವಾ ‘ದೀಹ’ ಎಂಬ ಪದವಿದೆ. ಸಾಕಿ ಪಳಗಿಸಿದ ಮೃಗವನ್ನು ಮುಂದೆ ಬಿಟ್ಟು, ಅದನ್ನು ನಂಬಿ ಹತ್ತಿರ ಬಂದ ಕಾಡಿನ ಮೃಗವನ್ನು ಹಿಡಿಯುವ ಉಪಾಯ ಅದು. ಕಲಬುರಗಿಗೆ ಹತ್ತಿರದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಯಿಸಿದ. ಅದರ ವಿನೋದಗಳ ಭಾಗದಲ್ಲಿ ಬೇಟೆಗೊಂದು ದೊಡ್ಡ ಅಧ್ಯಾಯವಿದೆ. ಜಿಂಕೆ ನೀರಿಗೆ ಬರುವಾಗ ಕಾಯುವುದು, ಸಾಕಿದ ಜಿಂಕೆಯಿಂದ ಸೆಳೆಯುವುದು, ಪಳಗಿಸಿದ ಶಿವಂಗಿಯನ್ನು, ಅಂದರೆ ಚೀತಾವನ್ನು, ಬಿಡುವುದು ಎಲ್ಲಕ್ಕೂ ಕ್ರಮವಿದೆ. ಜಿಂಕೆಯ ಹಸಿವು, ನೀರಡಿಕೆ, ಜೊತೆಯ ಆಸೆ ಇಲ್ಲಿ ಒಂದು ಶಾಸ್ತ್ರದ ಸಾಮಗ್ರಿ. ಇನ್ನೊಂದು ಮೂವತ್ತು ವರ್ಷಗಳಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣ ಮತ್ತು ಅವರ ಸಂಗಾತಿಗಳು ದಯೆಯ ಮಾತನ್ನು ಜನರ ಕನ್ನಡದಲ್ಲಿ ಆಡಿದರು. ನಮ್ಮ ಸಾಹಿತ್ಯ ಚರಿತ್ರೆಯ ತರಗತಿಗಳಲ್ಲಿ ಈ ಎರಡನ್ನೂ ಬೇರೆ ಬೇರೆ ಪತ್ರಿಕೆಗಳಲ್ಲಿ ಓದಿಸುತ್ತೇವೆ, ಅಕ್ಕಪಕ್ಕ ಇಟ್ಟು ಓದುವುದಿಲ್ಲ.

ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಿದ ಹಳೆಯ ಕನ್ನಡ ಕಾವ್ಯ, ನನ್ನ ಓದಿನಲ್ಲಿ, ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’. ಅಲ್ಲಿ ಅರಸ ಬೇಟೆಗೆ ಹೊರಡುವುದು ವಿನೋದಕ್ಕಲ್ಲ. ಕಾಡುಪ್ರಾಣಿಗಳು ಬೆಳೆ ಹಾಳುಮಾಡುತ್ತಿವೆ ಎಂಬ ಪ್ರಜೆಗಳ ದೂರಿಗೆ ಓಗೊಟ್ಟು ಹೊರಡುತ್ತಾನೆ. ಬೇಟೆಯ ಹಿಂದೆ ಹೊಲವಿದೆ, ಹೊಲದ ಹಿಂದೆ ಒಕ್ಕಲಿನ ಹೊಟ್ಟೆಯಿದೆ. ಆದರೆ ಆ ಪ್ರಾಣಿಗಳನ್ನು ಸೃಷ್ಟಿಸಿ ಬಿಟ್ಟವನು ವಿಶ್ವಾಮಿತ್ರ. ಹಂದಿಯ ಬೆನ್ನು ಹತ್ತಿದ ಅರಸ ಹೋಗಿ ಸೇರುವುದು ಅವನ ಆಶ್ರಮದ ನೆಲಕ್ಕೆ. ಇಲ್ಲಿ ಬೆಳೆ ನಿಜವಾದ ಬೆಳೆ, ನಷ್ಟ ನಿಜವಾದ ನಷ್ಟ, ಆದರೂ ಇಡೀ ಸೀಮೆಯೇ ಒಂದು ದೀವವಾಗಿದೆ. ಸಿಕ್ಕಿಬಿದ್ದ ಮೃಗ ಅರಸನೇ. ರೈತರ ಕಷ್ಟವನ್ನು ಆಮಿಷವಾಗಿ ಬಳಸಿಕೊಳ್ಳುವ ಮೂರನೆಯವನೊಬ್ಬ ಇರುತ್ತಾನೆ ಎಂದು ರಾಘವಾಂಕ ಕಂಡಿದ್ದ. ಹರಿಶ್ಚಂದ್ರನ ಸತ್ಯದ ಹೊಗಳಿಕೆಯಲ್ಲಿ ಈ ಭಾಗವನ್ನು ನಾವು ಬರೀ ಪೀಠಿಕೆ ಎಂದು ದಾಟಿಬಿಡುತ್ತೇವೆ.

ಹೊಸಗನ್ನಡದ ಬೇಟೆಯ ಸಾಹಿತ್ಯ ಹೆಚ್ಚಾಗಿ ಮಲೆನಾಡು ಮತ್ತು ಕರಾವಳಿಯದು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ‘ಕಾನೂರು ಹೆಗ್ಗಡಿತಿ’, ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’, ತೇಜಸ್ವಿಯವರ ‘ಪರಿಸರದ ಕತೆ’ ಈ ಸಾಲಿನವು. ಇವುಗಳ ಸೊಗಸನ್ನು ಅಲ್ಲಗಳೆಯುವ ಮಾತೇ ಇಲ್ಲ. ಅಲ್ಲಿ ಗದ್ದೆ ತೋಟದ ಅಂಚಿನಲ್ಲೇ ಕಾಡು ಶುರುವಾಗುತ್ತದೆ, ಹಾಗಾಗಿ ಬೆಳೆ ಕಾಯುವ ಕೋವಿ ಯಾವಾಗ ಷಿಕಾರಿಯ ಕೋವಿಯಾಯಿತು ಎಂಬುದು ಹಿಡಿದವನಿಗೂ ಗೊತ್ತಾಗುವುದಿಲ್ಲ. ತೇಜಸ್ವಿಯವರಲ್ಲಿ ಈ ಗೊಂದಲವೇ ಹಾಸ್ಯದ ಮೂಲ. ಮಾರ, ಪ್ಯಾರರ ಜೊತೆ ಕಿವಿ ಎಂಬ ನಾಯಿಯನ್ನು ಕಟ್ಟಿಕೊಂಡು ಅಲೆಯುವ ಆ ಕೃಷಿಕ, ತಾನು ರೈತನೋ ಬೇಟೆಗಾರನೋ ನೋಡುಗನೋ ಎಂದು ತೀರ್ಮಾನಿಸಿಕೊಳ್ಳುವ ಗೋಜಿಗೇ ಹೋಗುವುದಿಲ್ಲ.

ಕೊಡಗಿನಲ್ಲಿ ಈ ಸಂಬಂಧಕ್ಕೆ ಕಾನೂನಿನ ರೂಪವೇ ಇದೆ. ಒಕ್ಕದ ಜಮ್ಮಾ ಭೂಮಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ. ಮನೆತನದ ನೆಲ, ಬೆಳೆ, ಕೋವಿ ಮೂರೂ ಒಂದೇ ಕಟ್ಟಿನಲ್ಲಿರುವ ಅಮೆರಿಕದ ಆ ಕುಟುಂಬಗಳಿಗೆ ಕರ್ನಾಟಕದಲ್ಲಿ ಹತ್ತಿರದ ನೆಂಟರು ಯಾರಾದರೂ ಇದ್ದರೆ ಅವರು ಇವರೇ. ಆದರೆ ಒಂದು ವ್ಯತ್ಯಾಸ ದೊಡ್ಡದು. ಇಲ್ಲಿ ಬಿತ್ತಿದ್ದು ಮನುಷ್ಯರ ಅನ್ನಕ್ಕೆ, ಕೋವಿ ಆ ಅನ್ನದ ಕಾವಲಿಗೆ. ಈಗಂತೂ ವನ್ಯಜೀವಿ ಕಾಯ್ದೆಯ ಮುಂದೆ ಕೋವಿ ಬೇಟೆಯ ಮಟ್ಟಿಗೆ ಪೂಜೆಯ ವಸ್ತು ಮಾತ್ರ.

ಇನ್ನು ನಮ್ಮ ಬಯಲಿನ ಕಡೆ ಬಂದರೆ ಸಾಹಿತ್ಯ ಥಟ್ಟನೆ ಬಡವಾಗುತ್ತದೆ. ಚಿಗರಿ ಕಾಡಿನ ಪ್ರಾಣಿಯಲ್ಲ, ಬಯಲು ಹುಲ್ಲುಗಾವಲಿನದು. ಊರೂರಿನ ಗಾಯರಾಣ, ಅಂದರೆ ಎಲ್ಲರ ದನ ಮೇಯುವ ಭೂಮಿ, ಉಳುಮೆಗೂ ಕಟ್ಟಡಕ್ಕೂ ಹೋದ ಹಾಗೆ ಅದು ಹೊಲಕ್ಕೆ ಬಂತು. ಈ ಪ್ರಾಣಿಯ ನಡೆಯನ್ನು ಚೆನ್ನಾಗಿ ಬಲ್ಲ ಒಂದು ಸಮುದಾಯ ಉತ್ತರ ಕರ್ನಾಟಕದಲ್ಲಿತ್ತು. ಅವರ ಹೆಸರೇ ಹರಣಶಿಕಾರಿ. ವಸಾಹತು ಸರ್ಕಾರ ಅಂಥವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. 1952ರಲ್ಲಿ ಆ ಕಾಯ್ದೆ ಹೋದರೂ ಕಳಂಕ ಹೋಗಲಿಲ್ಲ. 1972ರ ಕಾಯ್ದೆ ಚಿಗರಿಯನ್ನು ಮೊದಲ ಅನುಸೂಚಿಯಲ್ಲಿಟ್ಟು ಉಳಿಸಿತು. ಅದು ಆಗಲೇಬೇಕಿದ್ದ ಕೆಲಸ, ಆದರೆ ಬೇಟೆಯನ್ನೇ ನಂಬಿದವರ ಕಸುಬು ಅದರೊಂದಿಗೆ ಮುಗಿಯಿತು. ಕನ್ನಡದಲ್ಲಿ ‘ಶಿಕಾರಿ’ ಎಂದರೆ ನಮಗೆ ನೆನಪಾಗುವುದು ಯಶವಂತ ಚಿತ್ತಾಲರ 1979ರ ಕಾದಂಬರಿ. ಅದು ಮುಂಬಯಿಯ ಕಂಪನಿಯೊಂದರೊಳಗೆ ಮನುಷ್ಯ ಮನುಷ್ಯನನ್ನು ಬೇಟೆಯಾಡುವ ಕಥೆ, ದೊಡ್ಡ ಕೃತಿ. ಆದರೆ ಶಿಕಾರಿ ಎಂಬ ಪದ ಕನ್ನಡದಲ್ಲಿ ಇಷ್ಟು ದೊಡ್ಡ ರೂಪಕವಾಗುವಾಗ, ಆ ಪದವನ್ನೇ ಹೆಸರಾಗಿ ಹೊತ್ತವರು ನಮ್ಮ ಪುಟಗಳ ಹೊರಗೇ ನಿಂತಿದ್ದರು.

ಇದರ ಎದುರು ಅಮೆರಿಕದ ಒಬ್ಬ ಲೇಖಕನನ್ನು ಇಡುತ್ತೇನೆ, ಆಲ್ಡೊ ಲಿಯೊಪೋಲ್ಡ್. ಬೇಟೆಯ ಪ್ರಾಣಿಗಳನ್ನೂ ನೆಲದಿಂದ ಬೆಳೆಯ ಹಾಗೆ ತೆಗೆಯಬಹುದು ಎಂಬ ವಿದ್ಯೆಗೆ 1933ರಲ್ಲಿ ಪಠ್ಯಪುಸ್ತಕ ಬರೆದವನು ಇವನೇ. ಎರಡು ವರ್ಷದ ಬಳಿಕ ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿ ಸಾರ ಹೋದ ಮರಳು ಹೊಲವೊಂದನ್ನು ಕೊಂಡು, ಹೆಂಡತಿ ಮಕ್ಕಳ ಜೊತೆ ಅಲ್ಲಿ ಸಾವಿರಾರು ಸಸಿ ನೆಟ್ಟ. ಅವನು ತೀರಿದ ಮರುವರ್ಷ, 1949ರಲ್ಲಿ, ಬಂದ ‘ಎ ಸ್ಯಾಂಡ್ ಕೌಂಟಿ ಅಲ್ಮನ್ಯಾಕ್’ನಲ್ಲಿ ಆ ಹೊಲದ ತಿಂಗಳು ತಿಂಗಳ ಬದುಕಿದೆ. ಅದರಲ್ಲೇ ಇನ್ನೊಂದು ಪ್ರಬಂಧದಲ್ಲಿ, ತೋಳಗಳನ್ನು ಕೊಂದರೆ ಜಿಂಕೆ ಹೆಚ್ಚುತ್ತವೆ ಎಂದು ನಂಬಿ ಗುಂಡು ಹಾರಿಸಿದ ಯೌವನವನ್ನೂ, ಆಮೇಲೆ ಹೆಚ್ಚಿದ ಜಿಂಕೆಗಳು ಬೆಟ್ಟದ ಎಲೆಯನ್ನೆಲ್ಲ ಬೋಳಿಸಿ ತಾವೇ ಹಸಿದು ಸತ್ತದ್ದನ್ನೂ ಬರೆಯುತ್ತಾನೆ. ಅವನಿಂದ ನಮ್ಮ ಬರಹಗಾರರು ಕಲಿಯಬಹುದಾದದ್ದು ಬೇಟೆಯ ಸಮರ್ಥನೆಯನ್ನಲ್ಲ, ಲೆಕ್ಕವನ್ನು ಬಿಚ್ಚಿಡುವ ಧೈರ್ಯವನ್ನು. ಜಿಂಕೆ ಏನು ತಿನ್ನುತ್ತದೆ, ಅದನ್ನು ಯಾರು ಬೆಳೆಯುತ್ತಾರೆ, ಯಾರು ಸಾಯುತ್ತಾರೆ ಎಂಬ ಮೂರೂ ಅವನ ಗದ್ಯದಲ್ಲಿ ಒಟ್ಟಿಗೆ ಕಾಣುತ್ತವೆ. ಅವನ ದೇಶದ ವ್ಯವಸ್ಥೆಯೂ ಒಂದು ಲೆಕ್ಕ ಇಟ್ಟಿದೆ. ಜಿಂಕೆ ಭೂಮಿಯ ಒಡೆಯನದಲ್ಲ, ಸಾರ್ವಜನಿಕರದು. 1937ರ ಕಾಯ್ದೆಯಂತೆ ಕೋವಿ ಮದ್ದುಗುಂಡುಗಳ ತೆರಿಗೆ ಕಾಡುಪ್ರಾಣಿಗಳ ಪೋಷಣೆಗೆ ಹೋಗುತ್ತದೆ. ಕೊಲ್ಲುವವನೇ ಸಾಕುವ ಖರ್ಚು ಕೊಡುತ್ತಾನೆ. ಇದನ್ನು ಒಪ್ಪದೆಯೂ ಅರ್ಥಮಾಡಿಕೊಳ್ಳಬಹುದು.

ನಮ್ಮಲ್ಲಿ ಚಿಗರಿ ರಾಷ್ಟ್ರದ್ದು, ಮೊಳಕೆ ರೈತನದು. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಅನುಮತಿಯಿಲ್ಲ, ಇರಬೇಕೆಂದು ನಾನೂ ಹೇಳುವುದಿಲ್ಲ. ಸರ್ಕಾರದ ಪರಿಹಾರವಿದೆ, ಅದಕ್ಕೆ ಅರ್ಜಿಯಿದೆ, ಪಂಚನಾಮೆಯಿದೆ. ಹೊಲದಲ್ಲಿ ಇರುವುದು ಬದುವಿಗೆ ಕಟ್ಟಿದ ಹಳೆ ಸೀರೆ, ರಾತ್ರಿ ಮಂಚಿಗೆಯ ಮೇಲಿನ ಕಾವಲು, ದನ ಒಳಗೆ ನುಗ್ಗದಿರಲೆಂದು ಜೋಳದ ಸುತ್ತ ಬಿತ್ತಿದ ಮುಳ್ಳು ಕುಸುಬಿ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿತು. ಆ ತೊಗರಿಯ ಎಳೆ ಚಿಗುರಿನಲ್ಲಿ ಒಂದು ಪಾಲು ಚಿಗರಿಯ ಹೊಟ್ಟೆಗೆ ಹೋಗುತ್ತದೆ ಎಂಬುದು ಯಾವ ಗುರುತಿನಲ್ಲೂ ಇಲ್ಲ, ಯಾವ ಕಥೆಯಲ್ಲೂ ನಾನು ಓದಿಲ್ಲ. ಚಿಗರಿಯ ಚೆಲುವನ್ನು ಕೊಂಡಾಡುವ ನಗರದ ಪದ್ಯಕ್ಕೆ ಉಣಿಸಿದವನು ಕಾಣುವುದಿಲ್ಲ. ಬರಗಾಲದ ರೈತನ ಕಥೆಗೆ ಉಂಡುಹೋದ ಪ್ರಾಣಿ ಕಾಣುವುದಿಲ್ಲ.

ಹಾಗಂತ ಉಣಿಸುವ ಭಾಷೆ ನಮ್ಮ ಸೀಮೆಗೆ ಗೊತ್ತಿಲ್ಲವೆಂದಲ್ಲ. ಎಳ್ಳಮಾವಾಸ್ಯೆಯ ದಿನ ಕಲಬುರಗಿ ಸೀಮೆಯ ಮನೆಮನೆಯೂ ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಕಟ್ಟಿಕೊಂಡು ಹೋಗಿ, ತಾವು ಉಣ್ಣುವ ಮೊದಲು ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಅದು ಭೂಮಿತಾಯಿಗೆ. ತಿನ್ನುವುದು ಹಕ್ಕಿ, ಇರುವೆ, ಇಲಿ, ಬಂದರೆ ಚಿಗರಿಯೂ. ಈ ಚೆಲ್ಲುವಿಕೆಗೆ ಅಟ್ಟದ ಮೇಲೆ ಕೂತ ಕೋವಿಯಿಲ್ಲ. ಆಶ್ರಮದ ಹಾಗೆ ಪ್ರೀತಿಸಿ ಸಾಕುವುದೂ ಇಲ್ಲಿಲ್ಲ. ನೆಲದ ಮೇಲೆ ಇತರರ ಪಾಲೂ ಇದೆ ಎಂದು ವರ್ಷಕ್ಕೊಮ್ಮೆ ಒಪ್ಪಿಕೊಳ್ಳುವುದು, ಅಷ್ಟೇ. ಆದರೆ ಚರಗವನ್ನು ಮಾತ್ರ ನೋಡಿ ನಾವು ದಯಾಳುಗಳೆಂದು ಬೀಗಿದರೆ ಅದೂ ಅರ್ಧ ಓದು. ಅದೇ ಹೊಲದವರು ಮರುದಿನ ಚಿಗರಿಗೆ ಶಾಪ ಹಾಕುತ್ತಾರೆ, ಮಂಚಿಗೆಯ ಮೇಲೆ ಚಳಿಯಲ್ಲಿ ನಡುಗುತ್ತಾರೆ. ಆ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಬಲ್ಲ ಗದ್ಯ ನಮಗೆ ಬೇಕು.

ಈಗ ಕುಸನೂರಿನ ತುಂಡು ಪ್ಲಾಟಾಗಬೇಕೋ ಬೇಡವೋ ಎಂಬ ಮಾತು ನಮ್ಮ ಮನೆಯಲ್ಲಿ ನಡೆದಿದೆ. ಕಮಲಾಪುರದ ಕಡೆಯದಕ್ಕೂ ಆ ಮಾತು ಬರುವುದು ದೂರವಿಲ್ಲ. ಮಾರಾಟದ ಪತ್ರದಲ್ಲಿ ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ ಎಂದು ಬರೆಯುತ್ತಾರೆ. ಆ ನೆಲದಲ್ಲಿ ಮೇಯಲು ಬರುತ್ತಿದ್ದವರ ಹೆಸರು ಬರೆಯುವ ಕಾಲಂ ಅದರಲ್ಲಿಲ್ಲ. ಅದನ್ನು ತುಂಬುವ ಕೆಲಸ ಕಥೆಗಾರರದು. ಕಲಬುರಗಿ ಸೀಮೆಯಿಂದ ಬರೆಯುತ್ತಿರುವ ಹೊಸಬರಲ್ಲಿ ಯಾರಾದರೂ ಹೊಲ ಕಾಯುವವನನ್ನೂ ಹರಣಶಿಕಾರಿಯ ಮೊಮ್ಮಗನನ್ನೂ ಒಂದು ರಾತ್ರಿ ಅದೇ ಮಂಚಿಗೆಯ ಮೇಲೆ ಕೂಡಿಸಿ ಬರೆದರೆ, ನಾನು ಮೊದಲ ಓದುಗನಾಗಿ ಕಾಯುತ್ತಿದ್ದೇನೆ.