ಪದಕಕ್ಕೊಂದು ಮೈಬಣ್ಣ

ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವಾಗ ನಮ್ಮ ಪುಟ್ಟೇನಹಳ್ಳಿಯ ತಾರಸಿಗಳಲ್ಲಿ ದೇಶಭಕ್ತಿ ಉಕ್ಕುತ್ತದೆ. ಸೂರ್ಯಕಿರಣದ ವಿಮಾನಗಳು ನೆತ್ತಿಯ ಮೇಲೆ ಹಾದರೆ ಸಾಕು, ಮಕ್ಕಳಿಂದ ಮುದುಕರವರೆಗೆ ಚಪ್ಪಾಳೆ. ಅದೇ ಕಟ್ಟಡಗಳ ಗೇಟಿನಲ್ಲಿ ‘ಟು ಲೆಟ್’ ಬೋರ್ಡೂ ನೇತಾಡುತ್ತಿರುತ್ತದೆ. ಹಳಿಯಾಳದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗನೊಬ್ಬ ಅಂಥದೊಂದು ಬೋರ್ಡು ನೋಡಿ ಒಳಗೆ ಹೋದಾಗ ಮಾಲೀಕರು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದರು. “ಹಳಿಯಾಳ ರೀ, ಉತ್ತರ ಕನ್ನಡ ಜಿಲ್ಲೆ” ಎಂದ. ಕನ್ನಡ ಚೆನ್ನಾಗಿ ಕಲಿತಿದ್ದೀಯ ಎಂದು ಮೆಚ್ಚಿ, ಪಾಸ್‌ಪೋರ್ಟ್ ತೋರಿಸು ಎಂದರು.

ಮಾಲೀಕರನ್ನು ಬೈದು ಸುಮ್ಮನಾಗಬಹುದಿತ್ತು. ಆದರೆ ಅವರ ಪ್ರಶ್ನೆಯನ್ನೇ ಒಂದು ಕಾಲಕ್ಕೆ ಸರ್ಕಾರವೂ ಕೇಳಿತ್ತು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದುಕೊಂಡು. ನಾನಿಲ್ಲಿ ತೂಗಿ ನೋಡಬೇಕೆಂದಿರುವುದು ಆ ಪ್ರಯೋಗವನ್ನು: ಭಾರತ ಕ್ರೀಡಾ ಪ್ರಾಧಿಕಾರದ ‘ಸ್ಪೆಷಲ್ ಏರಿಯಾ ಗೇಮ್ಸ್’ ಯೋಜನೆ, ಅದು ಸಿದ್ದಿಯರ ಮೇಲೆ ಕಟ್ಟಿದ ಆಸೆ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ ಭಾರತ ಬರಿಗೈಯಲ್ಲಿ ಬಂತು. ಪಿ.ಟಿ. ಉಷಾಗೆ ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಕಂಚು ತಪ್ಪಿತ್ತು. ಆ ಅವಮಾನದ ಬಿಸಿಯಲ್ಲಿ ಯಾರಿಗೋ ಹೊಳೆಯಿತು: ನಮ್ಮದೇ ಕಾಡಿನಲ್ಲಿ ಆಫ್ರಿಕಾ ಮೂಲದವರಿದ್ದಾರಲ್ಲ! 1980ರ ದಶಕದ ಕೊನೆಯಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕಮಲಾ ಬಾಬು ಸಿದ್ದಿಯಂಥವರು ರಾಷ್ಟ್ರಮಟ್ಟದ ಅಥ್ಲೀಟ್ ಆದರು, ಕೆಲವರಿಗೆ ನೌಕರಿ ಸಿಕ್ಕಿತು. ಹೊಟ್ಟೆ ತುಂಬ ಊಟ, ಕಾಲಿಗೆ ಶೂ, ತಮ್ಮ ಮೈಯೇ ತಮಗೊಂದು ಹೆಮ್ಮೆ: ಇಷ್ಟನ್ನು ಆ ಯೋಜನೆ ಕೊಟ್ಟದ್ದು ಸುಳ್ಳಲ್ಲ. ಅದಕ್ಕೂ ಮೊದಲು ಸರ್ಕಾರ ಆ ಕೇರಿಗಳಿಗೆ ಏನಾದರೂ ಹೊತ್ತು ತಂದದ್ದು ಅಪರೂಪ. 1988ರ ಸೋಲ್‌ನಲ್ಲೂ ಪದಕವಿಲ್ಲ, 1992ರ ಬಾರ್ಸಿಲೋನಾದಲ್ಲೂ ಇಲ್ಲ. 1993ರಲ್ಲಿ ಸಿದ್ದಿ ಮಕ್ಕಳ ತರಬೇತಿಯನ್ನು ಮುಚ್ಚಿದರು. ಮಕ್ಕಳು ಮತ್ತೆ ಅಡಿಕೆ ತೋಟದ ಕೂಲಿಗೆ ಹೋದರು.

ಮುಚ್ಚಿದ್ದು ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ತೆರೆದ ಬಗೆಯೇ ತಪ್ಪಾಗಿತ್ತು ಎನ್ನುವುದು ನನ್ನ ಆಕ್ಷೇಪ. ಸಿದ್ದಿಯರಲ್ಲಿ ಬಹುಪಾಲು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರ ಸಂತತಿ. ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದವರು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು ಅವರಲ್ಲಿ ಆಫ್ರಿಕಾದ ಬಂಟು ಮೂಲವನ್ನು ಗುರುತಿಸಿದ ಹಾಗೆಯೇ ಭಾರತೀಯ ಬೆರಕೆಯನ್ನೂ ಗುರುತಿಸಿದವು. ಕೀನ್ಯಾದ ಎತ್ತರದ ನಾಡಿನ ಓಟಗಾರನಿಗೂ ಯಲ್ಲಾಪುರದ ಹುಡುಗಿಗೂ ಇರುವ ನಂಟು ಬಣ್ಣದ್ದಷ್ಟೆ. ಆಫ್ರಿಕಾ ಒಂದು ಊರು, ಅಲ್ಲಿನವರೆಲ್ಲ ಒಂದೇ ಮನೆಯವರು ಎಂದು ನಂಬಿದವರಿಗೆ ಮಾತ್ರ ಇಂಥ ಯೋಜನೆ ಹೊಳೆಯಲು ಸಾಧ್ಯ.

ಈ ನಂಬಿಕೆ ಸ್ಟೇಡಿಯಂನಲ್ಲಿದ್ದಾಗ ಹೊಗಳಿಕೆಯ ಹಾಗೆ ಕಾಣುತ್ತದೆ. ಬೀದಿಗಿಳಿದರೆ ಅದರ ಮುಖ ಬೇರೆ. ನಮ್ಮಿಂದ ಪಶ್ಚಿಮಕ್ಕೆ, ಹೆಸರಘಟ್ಟ ರಸ್ತೆಯ ಸೋಲದೇವನಹಳ್ಳಿ ಕಡೆ, 2016ರ ಜನವರಿ 31ರ ರಾತ್ರಿ ಸುಡಾನಿನ ವಿದ್ಯಾರ್ಥಿಯ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ನಂತರ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಹೊಡೆಯಿತು. ಸುಡಾನ್ ಯಾವುದು, ತಾಂಜಾನಿಯಾ ಯಾವುದು ಎಂದು ಆ ಗುಂಪು ಕೇಳಲಿಲ್ಲ. ಪದಕದ ಲೆಕ್ಕ ಹಾಕಿದ ಅಧಿಕಾರಿಯನ್ನೂ ಕಲ್ಲೆತ್ತಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ, ನಿಜ. ಆದರೂ ಕಪ್ಪು ಮೈಯನ್ನು ಕಂಡ ಕೂಡಲೇ ಅದರೊಳಗಿನ ವ್ಯಕ್ತಿಯನ್ನು ಮರೆಯುವ ಅಭ್ಯಾಸ ಇಬ್ಬರಿಗೂ ಸಮಾನ.

ನಾಡು ಮೊದಲಿನಿಂದಲೂ ಹೀಗೆಯೇ ಇತ್ತೆನ್ನಲಾಗದು. ಹದಿನೇಳನೆಯ ಶತಮಾನದ ಬಿಜಾಪುರದಲ್ಲಿ ಆಫ್ರಿಕಾದ ಹಬ್ಶಿ ಮೂಲದ ಇಖ್ಲಾಸ್ ಖಾನ್ ಆದಿಲಶಾಹಿಯ ಆಡಳಿತವನ್ನೇ ನಡೆಸಿದ. ಸುಲ್ತಾನನ ಜೊತೆಗಿರುವ ಅವನ ಚಿತ್ರಗಳು ಇಂದಿಗೂ ಉಳಿದಿವೆ. ಅವನ ಪ್ರತಿಭೆಯನ್ನು ಅಳೆಯಲು ಯಾರೂ ಓಡಿಸಿ ನೋಡಲಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಸಿದ್ದಿಯರ ದೇವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ದುಡಿಸಿಕೊಂಡವರ, ಆಸರೆ ಕೊಟ್ಟವರ ಧರ್ಮ ಮೈಗಂಟಿದೆ ಎನ್ನಬಹುದು. ಆದರೆ ಹಿರಿಯರ ಪೂಜೆ ಮೂವರಿಗೂ ಉಳಿದಿದೆ; ಡಮಾಮಿ ಬಡಿತ ಕೇಳಿದರೆ ಎದ್ದು ಕುಣಿಯಲು ಯಾರೂ ಧರ್ಮ ಕೇಳುವುದಿಲ್ಲ. ಸೌಹಾರ್ದ ಸಮಾವೇಶ ಮಾಡಿ, ಭಾಷಣ ಕೇಳಿ ಕಲಿತದ್ದಲ್ಲ ಇದು. ಸತ್ತವರು ಎಲ್ಲರಿಗೂ ಒಬ್ಬರೇ ಆದ್ದರಿಂದ ಬದುಕಿರುವವರು ದೂರವಾಗಲು ಕಷ್ಟ. ಸ್ವತಃ ದೇವಸ್ಥಾನಕ್ಕೆ ತಪ್ಪದೆ ಹೋಗುವ ನನಗೆ, ನನ್ನ ಭಕ್ತಿಯಲ್ಲಿ ಇಷ್ಟು ಜಾಗವಿದೆಯೇ ಎಂಬ ಅನುಮಾನವಿದೆ.

ಕಾನೂನು, ಆಶ್ಚರ್ಯವೆನ್ನಿಸಿದರೂ, ಇಲ್ಲಿ ಭಾವನೆಗಿಂತ ಮುಂದೆ ನಡೆಯಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು, ಮೂರೂ ಧರ್ಮದವರು ಒಟ್ಟಿಗೆ. ಪರಿಶಿಷ್ಟ ಜಾತಿಯ ಪಟ್ಟಿಗೆ 1950ರ ಆದೇಶ ಧರ್ಮದ ಬೇಲಿ ಹಾಕಿದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದನ್ನು ಸಡಿಲಿಸಿದರೂ ಮುಸ್ಲಿಂ, ಕ್ರೈಸ್ತ ದಲಿತರು ಇಂದಿಗೂ ಹೊರಗೆ. ಪಂಗಡದ ಪಟ್ಟಿಗೆ ಆ ಬೇಲಿಯಿಲ್ಲ. ಹಾಗಾಗಿ ಒಂದೇ ಕೇರಿಯ ಫಾತಿಮಾ, ಮೇರಿ, ಲಕ್ಷ್ಮಿಯರಿಗೆ ಹಾಸ್ಟೆಲಿನಲ್ಲಿ ಸೀಟು ಸಿಗುವುದು ಒಂದೇ ನಿಯಮದಡಿ. ಓಡಿ ಗೆದ್ದು ತೋರಿಸು ಎಂಬ ಷರತ್ತೂ ಇಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅವರ ಪಕ್ಷ ನಿಮಗೆ ಹಿಡಿಸಲಿ ಬಿಡಲಿ, ಆ ಸಮುದಾಯದ ಒಬ್ಬರು ಶಾಸಕರಾಗಲು ಗಣರಾಜ್ಯಕ್ಕೆ ಎಪ್ಪತ್ತು ವರ್ಷ ಬೇಕಾಯಿತು.

ಸಿನಿಮಾದ ಕೊಡುಗೆಯ ಬಗ್ಗೆ ಒಂದು ಮಾತು. 2021ರ ‘ಸಲಗ’ದಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ, ಚನ್ನಕೇಶವ ಹಾಡಿದ ಹಾಡು ಇಡೀ ಕರ್ನಾಟಕವನ್ನು ಕುಣಿಸಿತು. ಸಂಗೀತ ನಿರ್ದೇಶಕ ಚರಣ್ ರಾಜ್ ಆ ದನಿಗಳ ಒರಟುತನವನ್ನು ನುಣುಪು ಮಾಡದೆ ಬಿಟ್ಟದ್ದು ದೊಡ್ಡದು. ಕ್ರೀಡಾ ಯೋಜನೆ ಅವರ ಕಾಲುಗಳನ್ನಷ್ಟೇ ಕೇಳಿತ್ತು, ಹಾಡಿನಲ್ಲಿ ಅವರದೇ ದನಿಯಿದೆ. ಹಾಡಿನಾಚೆಗೆ ಆ ರೌಡಿಲೋಕದ ಕತೆಯಲ್ಲಿ ಅವರ ಬದುಕಿಗೆ ಜಾಗವಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಸಿದ್ದಿ ಮಕ್ಕಳನ್ನು ಒಲಿಂಪಿಕ್ಸ್‌ಗೆ ಸಜ್ಜುಗೊಳಿಸುವ ಮಾತು ಈಗ ಮತ್ತೆ ಕೇಳುತ್ತಿದೆ. ತರಬೇತಿ ಕೊಡಲಿ, ಓಡುವ ಮನಸ್ಸಿದ್ದ ಮಗುವಿಗೆ ಟ್ರ್ಯಾಕ್ ಸಿಗಲಿ. ಆದರೆ ಪದಕ ಬಾರದ ವರ್ಷ ಮತ್ತೆ ಬಸ್ಸು ಹತ್ತಿಸಿ ಕಳಿಸುವುದಾದರೆ ಕರೆತರುವುದೇ ಬೇಡ. ಇತ್ತ, ಮತಾಂತರಗೊಂಡ ಬುಡಕಟ್ಟಿನವರನ್ನು ಪಂಗಡದ ಪಟ್ಟಿಯಿಂದ ಕೈಬಿಡಿ ಎಂಬ ಕೂಗೂ ದೇಶದಲ್ಲಿ ಎದ್ದಿದೆ. ಅದು ಗೆದ್ದರೆ ಒಂದೇ ಹಿರಿಯರನ್ನು ಪೂಜಿಸುವವರ ನಡುವೆ ಗೋಡೆ ಕಟ್ಟುವ ಕೆಲಸ ಸರ್ಕಾರದ ಕಡತದಲ್ಲೇ ಶುರುವಾಗುತ್ತದೆ. ಆ ಪಟ್ಟಿಗೆ ಧರ್ಮದ ಬೇಲಿಯಿಲ್ಲದಿದ್ದರೂ ಜಿಲ್ಲೆಯ ಬೇಲಿಯಿದೆ: 2020ರ ತಿದ್ದುಪಡಿ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಯರನ್ನೂ ಸೇರಿಸಿತು. ಕರ್ನಾಟಕದ ಉಳಿದ ಯಾವ ಜಿಲ್ಲೆಯ ಹೆಸರೂ ಅವರ ನಮೂದಿನಲ್ಲಿಲ್ಲ.