ಶಿಕ್ಷೆಯೂ ಶಿಕ್ಷಣವೂ: ಆಮೋಸನನ್ನು ಓದುತ್ತಾ

ಮಳೆ ಕೈಕೊಟ್ಟ ವರ್ಷ ಕಳವಾರ ಬೆಟ್ಟದ ಸುತ್ತಿನ ಊರುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: 'ಜನ ಕೆಟ್ಟರು, ಮೇಲಿನವನು ಮುನಿದ.' ಕೆಟ್ಟವರು ಯಾರೆಂದು ಕೇಳಿ ನೋಡಿ, ಬೆರಳು ಪಕ್ಕದ ಬೀದಿಯ ಕಡೆ ತಿರುಗುತ್ತದೆ. ಕೆರೆಯಲ್ಲಿ ತುಂಬಿದ ಹೂಳು, ಸಾವಿರ ಅಡಿ ದಾಟಿದ ಕೊಳವೆಬಾವಿ ಯಾರ ನೆನಪಿಗೂ ಬರುವುದಿಲ್ಲ.

ಹೀಬ್ರೂ ಪ್ರವಾದಿ ಆಮೋಸನ ಪುಸ್ತಕದಲ್ಲೂ ಇಂಥದೇ ಬರವಿದೆ. ಒಂದೂರಿಗೆ ಮಳೆ, ಇನ್ನೊಂದಕ್ಕಿಲ್ಲ. ಜನ ನೀರಿಗಾಗಿ ಊರೂರು ಅಲೆಯುತ್ತಾರೆ. ಕ್ರಿಸ್ತಪೂರ್ವ 8ನೇ ಶತಮಾನದ ಈತ ತೆಕೋವ ಎಂಬ ಊರಿನ ಕುರಿಗಾಹಿ. ಕುರ್‌ಆನಿನಲ್ಲಿ ಈತನ ಹೆಸರಿಲ್ಲ. ಕನ್ನಡ ಸತ್ಯವೇದದಲ್ಲಿ ಈತನದು ಒಂಬತ್ತೇ ಅಧ್ಯಾಯ.

ಕತೆ ಬರೆಯುವವನಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆತನ ಆರಂಭ. ದಮಸ್ಕ, ಗಾಜಾ, ತೂರ್ ಎಂದು ನೆರೆಯವರ ಪಾಪಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಕೇಳುತ್ತಿದ್ದ ಇಸ್ರಾಯೇಲರು ಖಂಡಿತ ತಲೆದೂಗಿರಬೇಕು. ಆಮೇಲೆ ಮಾತು ಅವರ ಮನೆಬಾಗಿಲಿಗೇ ಬರುತ್ತದೆ: ಸಾಲಕ್ಕಾಗಿ, ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರಿದಿರಿ, ತಕ್ಕಡಿಯಲ್ಲಿ ಮೋಸ ಮಾಡಿದಿರಿ. ದೇವರು ಆರಿಸಿಕೊಂಡ ಜನ ಎಂಬುದು ಅವರಿಗೆ ರಕ್ಷಣೆಯಾಗಲಿಲ್ಲ. ಆರಿಸಿಕೊಂಡದ್ದಕ್ಕೇ ಲೆಕ್ಕ ಕೇಳುತ್ತೇನೆ ಎನ್ನುತ್ತಾನೆ ದೇವರು.

ಕನ್ನಡದಲ್ಲಿ ಶಿಕ್ಷೆ, ಶಿಕ್ಷಣ ಒಂದೇ ಬೇರಿನ ಪದಗಳು. ಉರ್ದುವಿನ 'ತಾದೀಬ್' ಎಂದರೆ ತಿದ್ದುವುದು; ಅದು ಹುಟ್ಟಿದ್ದು 'ಅದಬ್'ನಿಂದ. ಹೋಶೇಯನ ಪುಸ್ತಕದಲ್ಲಿ ದೇವರು ಮಗುವಿಗೆ ನಡೆಯಲು ಕಲಿಸಿದ ತಂದೆ. ಆ ತಂದೆತನವನ್ನು ಮರೆತು ಓದಿದರೆ ಪ್ರವಾದಿಗಳ ಸಿಟ್ಟು ಬರಿಯ ಶಾಪವಾಗಿ ಉಳಿಯುತ್ತದೆ.

ಆದರೂ ಒಂದು ಮುಳ್ಳು ಚುಚ್ಚುತ್ತಲೇ ಇರುತ್ತದೆ. ಬರ ಬಂದರೆ ಮೊದಲು ಒಣಗುವುದು ಬಡವನ ಗಂಟಲು. 1934ರ ಬಿಹಾರ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ಬಂದ ದಂಡನೆ ಎಂದಾಗ ಟ್ಯಾಗೋರ್ ಒಪ್ಪಲಿಲ್ಲ. ನನ್ನ ಬುದ್ಧಿ ಟ್ಯಾಗೋರರ ಕಡೆಗಿದೆ. ಆದರೆ ಗಾಂಧೀಜಿ ಬೆರಳು ತೋರಿಸಿದ್ದು ತಮ್ಮ ಸಮಾಜದತ್ತಲೇ ಎಂಬುದನ್ನೂ ಮರೆಯಲಾರೆ. ಆಮೋಸನೂ ಮಿಡತೆಯ ಹಿಂಡನ್ನು, ಬೆಂಕಿಯನ್ನು ದರ್ಶನದಲ್ಲಿ ಕಂಡಾಗ, ಈ ಜನ ತೀರ ಚಿಕ್ಕವರು, ತಾಳಲಾರರು ಎಂದು ಎರಡು ಬಾರಿ ಬೇಡಿಕೊಳ್ಳುತ್ತಾನೆ. ಎರಡು ಬಾರಿಯೂ ದೇವರು ಮನಸ್ಸು ಬದಲಿಸುತ್ತಾನೆ. ಯೂನುಸರ ಜನ ನಂಬಿದಾಗ ಅವರ ಮೇಲಿನ ಶಿಕ್ಷೆ ಸರಿಯಿತೆಂದು ಕುರ್‌ಆನ್ ಹೇಳುತ್ತದೆ. ಜನರಿಗಾಗಿ ಬೇಡದವನಿಗೆ ತೀರ್ಪು ಸಾರುವ ಹಕ್ಕೆಲ್ಲಿಯದು?

ಹಾಗಾದರೆ ನನ್ನ ಬೆರಳು ಎತ್ತ ತಿರುಗಬೇಕು? ನಮ್ಮ ಪಕ್ಕದ ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಣಿಕೆ ನಮ್ಮವರ ಕಸುಬು. ಮಾಲೀಕರಲ್ಲೂ ನಮ್ಮವರಿದ್ದಾರೆ, ಕೂಲಿಗಳಲ್ಲೂ. 1976ರಲ್ಲೇ ಜೀತ ರದ್ದತಿ ಕಾನೂನು ಬಂತು. ಆದರೂ ಮುಂಗಡ ಹಣಕ್ಕೆ ಜೀತವಾದ ಮಕ್ಕಳು ಕುದಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುವುದನ್ನು, ಕರ್ನಾಟಕದ ರೇಷ್ಮೆ ಉದ್ಯಮವನ್ನೂ ಹೆಸರಿಸಿ, 2003ರ ಹ್ಯೂಮನ್ ರೈಟ್ಸ್ ವಾಚ್ ವರದಿ ದಾಖಲಿಸಿತು. ಆಮೋಸನ ಕೆರಕ್ಕೂ ನಮ್ಮ ಮುಂಗಡಕ್ಕೂ ಏನು ಅಂತರ? ಮಳೆಗಾಗಿ ನಾವು ಬಯಲಿನಲ್ಲಿ ನಮಾಜಿಗೆ ನಿಲ್ಲುತ್ತೇವೆ, ಎತ್ತಿದ ಅಂಗೈಗಳಲ್ಲಿ ಗಾಯವಿಲ್ಲ. ಗಾಯವಿರುವ ಕೈಗಳು ಆ ಹೊತ್ತಿಗೆ ಎಲ್ಲಿರುತ್ತವೆ ಎಂದು ಕೇಳಿಕೊಳ್ಳುವ ಧೈರ್ಯ ಬಂದರೆ, ಆಮೋಸನನ್ನು ಓದಿದ್ದು ಸಾರ್ಥಕ.